ಆಮ್ಲ, ಕ್ಷಾರ ಮತ್ತು ನಿವ್ವಳ ಲೆಕ್ಕ

ನಮ್ಮ ಜಂಗಮವಾಡಿಗೆ ಹೊಂದಿಕೊಂಡಿರುವ ಮದನಪುರ ರೇಷ್ಮೆ ನೇಕಾರರ ಕೇರಿಯೆಂಬುದು ಇಲ್ಲಿಯ ಕನ್ನಡ ಬಂಧುಗಳಿಗೆಲ್ಲ ಗೊತ್ತು. ಹಸಿ ರೇಷ್ಮೆಯ ಅಂಟು ಬಿಡಿಸಲು ಅದನ್ನು ಸಾಬೂನು, ಸೋಡಾ ಹಾಕಿ ಕುದಿಸುವರು. ನೂಲಿನಲ್ಲಿ ಉಳಿದ ಕ್ಷಾರ ಹೋಗಲೆಂದು ಕೊಂಚ ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಜಾಲಿಸುವುದೂ ಉಂಟು. ಹೀಗೆ ಆಮ್ಲ ಕ್ಷಾರಗಳು ಒಂದರ ಗುಣವನ್ನು ಇನ್ನೊಂದು ಕಳೆಯುವುದಕ್ಕೆ ತಟಸ್ಥೀಕರಣವೆಂದು ಹೆಸರು.

ಶಾಲೆಯ ಪುಸ್ತಕದಲ್ಲಿ ಇದನ್ನು ಹೀಗೆ ಬರೆದಿರುತ್ತದೆ:

ಹೈಡ್ರೋಕ್ಲೋರಿಕ್ ಆಮ್ಲ + ಕಾಸ್ಟಿಕ್ ಸೋಡಾ → ಉಪ್ಪು + ನೀರು

ತಪ್ಪೇನೂ ಇಲ್ಲ. ಆದರೆ ಒಳಗೆ ನಡೆದ ವ್ಯವಹಾರ ಇದರಲ್ಲಿ ಕಾಣುವುದಿಲ್ಲ. ನೀರಿನಲ್ಲಿ ಆ ಆಮ್ಲವು ಹೈಡ್ರೋಜನ್ ಅಯಾನು, ಕ್ಲೋರೈಡ್ ಅಯಾನು ಎಂದು ಒಡೆದಿರುತ್ತದೆ. ಕಾಸ್ಟಿಕ್ ಸೋಡಾ ಸೋಡಿಯಂ ಅಯಾನು, ಹೈಡ್ರಾಕ್ಸೈಡ್ ಅಯಾನು ಎಂದು. ಅಯಾನು ಎಂದರೆ ವಿದ್ಯುದಂಶ ಹೊತ್ತ ಕಣ. ಕರಗಿದ ಉಪ್ಪೂ ಸೋಡಿಯಂ, ಕ್ಲೋರೈಡ್‌ಗಳಾಗಿ ಬಿಡಿಬಿಡಿಯಾಗಿಯೇ ಇರುತ್ತದೆ. ಅಂದಮೇಲೆ ಇವೆರಡೂ ಮೊದಲು ಹೇಗಿದ್ದವೋ ಕೊನೆಗೂ ಹಾಗೆಯೇ ಇವೆ. ಗುಮಾಸ್ತರಾದ ನಮಗೆ ಇದು ಹೊಸದಲ್ಲ: ಒಂದೇ ಬಾಬು ಜಮೆಗೂ ಖರ್ಚಿಗೂ ಸಮನಾಗಿ ಬಿದ್ದಿದ್ದರೆ ಎರಡೂ ಕಡೆ ಹೊಡೆದುಹಾಕುತ್ತೇವೆ. ಉಳಿದದ್ದು ನಿವ್ವಳ:

ಹೈಡ್ರೋಜನ್ ಅಯಾನು + ಹೈಡ್ರಾಕ್ಸೈಡ್ ಅಯಾನು → ನೀರು

ನೈಟ್ರಿಕ್ ಆಮ್ಲಕ್ಕೆ ಕಾಸ್ಟಿಕ್ ಪೊಟ್ಯಾಶ್ ಬೆರೆಸಿದರೂ ನಿವ್ವಳ ಇದೇ. ಆದಕಾರಣ ಇಂಥ ಪ್ರಬಲ ಜೋಡಿಗಳ ತಿಳಿ ದ್ರಾವಣಗಳಲ್ಲಿ ಹುಟ್ಟುವ ಶಾಖವೂ ಹೆಚ್ಚುಕಡಿಮೆ ಒಂದೇ. 18 ಗ್ರಾಂ ನೀರು ಉಂಟಾದರೆ ಸುಮಾರು 57 ಕಿಲೋಜೂಲ್, ಅಂದರೆ ಒಂದು ಲೀಟರು ನೀರನ್ನು 13 ಡಿಗ್ರಿಗೂ ಮಿಕ್ಕಿ ಬಿಸಿಮಾಡುವಷ್ಟು. ಇದರ ಕಾರಣ ತಿಳಿದದ್ದು ಸ್ವೀಡನ್ನಿನ ಅರೇನಿಯಸ್‌ನ ಅಯಾನು ಸಿದ್ಧಾಂತದಿಂದ. 1903ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು.

ರೇಷ್ಮೆಗೆ ಬಳಸುವ ಅಸಿಟಿಕ್ ಆಮ್ಲದ ರೀತಿಯೇ ಬೇರೆ. ಅದು ದುರ್ಬಲ ಆಮ್ಲ, ನೀರಿನಲ್ಲಿ ಒಡೆಯುವುದು ಅತ್ಯಲ್ಪ. ಅದನ್ನು ಇಡಿಯಾಗಿಯೇ ಬರೆಯಬೇಕು:

ಅಸಿಟಿಕ್ ಆಮ್ಲ + ಹೈಡ್ರಾಕ್ಸೈಡ್ ಅಯಾನು → ಅಸಿಟೇಟ್ ಅಯಾನು + ನೀರು

ಪರೀಕ್ಷೆಗೆ ಕಟ್ಟುವ ಹುಡುಗರು ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಪೂರ್ತಿ ಒಡೆಯುವುದನ್ನು ಮಾತ್ರ ಒಡೆದು ಬರೆಯತಕ್ಕದ್ದು.

ಬಣ್ಣದ ಮನೆಗಳಲ್ಲಿ, ಬ್ಯಾಟರಿ ಅಂಗಡಿಗಳಲ್ಲಿ ದುಡಿಯುವವರು ಆ ಶಾಖದ ಮಾತನ್ನು ಮರೆಯಬಾರದು. ಮೈಮೇಲೆ ಆಮ್ಲ ಬಿದ್ದರೆ “ಕ್ಷಾರ ಹಾಕು, ಸರಿಹೋಗುತ್ತದೆ” ಎನ್ನುವವರುಂಟು. ಕ್ಷಾರ ಹಾಕಿದರೆ ಸುಟ್ಟ ಚರ್ಮದ ಮೇಲೆಯೇ ಇನ್ನಷ್ಟು ಶಾಖ ಹುಟ್ಟುತ್ತದೆ. ಕ್ಷಾರ ಹೆಚ್ಚಾದರೆ ಅದೂ ಸುಡುತ್ತದೆ. ನೆನೆದ ಬಟ್ಟೆಯನ್ನು ತೆಗೆದುಹಾಕಿ, ನಲ್ಲಿಯ ಕೆಳಗೆ ಹರಿಯುವ ನೀರಿನಲ್ಲಿ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ತೊಳೆದು, ಆಮೇಲೆ ಆಸ್ಪತ್ರೆಗೆ ಹೋಗಬೇಕು. ಕಣ್ಣಿಗೆ ಬಿದ್ದರೂ ಮೊದಲು ನೀರೇ.