ಶಾಸಕರಿಗೆ ಅವಧಿ ಮಿತಿ: ಕುರ್ಚಿ ಖಾಲಿಯಾದರೆ ಅಧಿಕಾರ ಎಲ್ಲಿಗೆ ಹೋಗುತ್ತದೆ?

ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಏಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷನಿಗೇ ಎರಡು ಸಲ ಅಂತ ಮಿತಿ ಇದೆ, ನಮ್ಮ ಶಾಸಕರಿಗೆ ಯಾಕಿಲ್ಲ? ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2008ರವರೆಗೆ ಸತತವಾಗಿ ಒಂಬತ್ತು ವಿಧಾನಸಭಾ ಚುನಾವಣೆ ಗೆದ್ದರು. ಬಸವರಾಜ ಹೊರಟ್ಟಿಯವರು 2022ರಲ್ಲಿ ಎಂಟನೇ ಸಲ ವಿಧಾನ ಪರಿಷತ್ತಿಗೆ ಆರಿಸಿ ಬಂದರು. ಇದನ್ನು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ಬೇಸರದಿಂದ.

ಅಮೆರಿಕದ ಅಧ್ಯಕ್ಷರ ಮಿತಿ ಎಲ್ಲರಿಗೂ ಗೊತ್ತು. ಆದರೆ ಅಲ್ಲಿಯ 50 ರಾಜ್ಯಗಳಲ್ಲಿ 16 ರಾಜ್ಯಗಳು ತಮ್ಮ ಶಾಸಕರಿಗೂ ಇಂಥದ್ದೇ ಮಿತಿ ಹಾಕಿಕೊಂಡಿವೆ ಎಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿದ ಅನುಭವ ಅದು. ನಮ್ಮಲ್ಲೂ ಬೇಕು ಎನ್ನುವ ಮೊದಲು ಅಲ್ಲಿ ಏನಾಯಿತು ನೋಡೋಣ. ನಾನು ರಾಜಕೀಯದಲ್ಲಿ ಕನ್ಸರ್ವೇಟಿವ್ ಒಲವಿನವನು. 'ಸಂಪ್ರದಾಯವಾದಿ' ಎಂದರೆ ಮಡಿ-ಮೈಲಿಗೆ ನೆನಪಾಗುತ್ತದೆ, ಹಾಗಾಗಿ ಇಂಗ್ಲಿಷ್ ಶಬ್ದವನ್ನೇ ಇಟ್ಟುಕೊಳ್ಳುತ್ತೇನೆ. ಸರ್ಕಾರ ಚಿಕ್ಕದಿರಲಿ, ಅಧಿಕಾರ ಒಂದೇ ಕಡೆ ಗುಡ್ಡೆಯಾಗದಿರಲಿ, ಹಳೆಯ ಸಂಸ್ಥೆಗಳನ್ನು ಅವಸರದಲ್ಲಿ ಕೆಡವದಿರಲಿ ಎನ್ನುವವನು ಅಷ್ಟೆ. ಅವಧಿ ಮಿತಿಯ ಪ್ರಶ್ನೆ ಬಂದಾಗ ಈ ಮೂರು ಆಸೆಗಳೇ ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ.

ಈ ಚಳವಳಿಗೆ ಗಾಳಿ ಬೀಸಿದ್ದು 1990ರಲ್ಲಿ. ಆ ವರ್ಷ ಒಕ್ಲಹೋಮ, ಕೊಲೊರಾಡೊ ಮತ್ತು ಕ್ಯಾಲಿಫೋರ್ನಿಯಾದ ಮತದಾರರು ನೇರ ಮತದಾನದಲ್ಲಿ ಮಿತಿಗೆ ಒಪ್ಪಿಗೆ ಕೊಟ್ಟರು. ಕನ್ಸರ್ವೇಟಿವ್‌ಗಳ ವಾದ ಸರಳವಾಗಿತ್ತು. ಜನಪ್ರತಿನಿಧಿ ಎಂದರೆ ತನ್ನ ಹೊಲ, ಅಂಗಡಿ, ಕಚೇರಿ ಬಿಟ್ಟು ಕೆಲವು ವರ್ಷ ರಾಜಧಾನಿಗೆ ಹೋಗಿ, ಕೆಲಸ ಮುಗಿಸಿ ಮನೆಗೆ ಮರಳುವವನು. ಅಲ್ಲೇ ಬೀಡು ಬಿಟ್ಟರೆ ಅವನು ಜನರ ಪರವಾಗಿ ಸರ್ಕಾರವನ್ನು ಪ್ರಶ್ನಿಸುವುದು ನಿಂತು, ಸರ್ಕಾರದ ಪರವಾಗಿ ಜನರಿಗೆ ಸಮಜಾಯಿಷಿ ಕೊಡಲು ತೊಡಗುತ್ತಾನೆ. ಖರ್ಚು ಏರುತ್ತದೆ, ತೆರಿಗೆ ಏರುತ್ತದೆ. ಅಂಕಣಕಾರ ಜಾರ್ಜ್ ವಿಲ್ 1992ರಲ್ಲಿ ಇದರ ಪರವಾಗಿ ಒಂದು ಪುಸ್ತಕವನ್ನೇ ಬರೆದರು. ಈ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ಅಸೆಂಬ್ಲಿಯ ಸ್ಪೀಕರ್ ವಿಲ್ಲಿ ಬ್ರೌನ್, ಡೆಮಾಕ್ರಟಿಕ್ ಪಕ್ಷದವರು. 1964ರಲ್ಲಿ ಆರಿಸಿ ಬಂದು 1980ರಲ್ಲಿ ಸ್ಪೀಕರ್ ಆದವರು ಹದಿನಾಲ್ಕು ವರ್ಷಕ್ಕೂ ಹೆಚ್ಚು ಆ ಕುರ್ಚಿ ಬಿಡಲಿಲ್ಲ. ಅಲ್ಲಿ ಸ್ಪೀಕರ್ ಎಂದರೆ ನಮ್ಮ ಸಭಾಧ್ಯಕ್ಷರಂತೆ ಬರೀ ಸದನ ನಡೆಸುವವರಲ್ಲ. ಯಾವ ಸಮಿತಿಯಲ್ಲಿ ಯಾರು ಇರಬೇಕು, ಯಾವ ಮಸೂದೆ ಮೇಲೇಳಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಅವರನ್ನು ಮತದಿಂದ ಇಳಿಸಲಾಗದ ರಿಪಬ್ಲಿಕನ್ನರು ಕಾನೂನಿನಿಂದ ಇಳಿಸಲು ಹೊರಟರು. ಲಾಸ್ ಏಂಜಲಿಸ್ ಕೌಂಟಿಯ ಪೀಟ್ ಶಾಬರಮ್ ಮುಂದಾಳತ್ವದಲ್ಲಿ ಪ್ರೊಪೊಸಿಷನ್ 140 ಬಂತು. ಕೆಳಮನೆಯಲ್ಲಿ ಆರು ವರ್ಷ, ಮೇಲ್ಮನೆಯಲ್ಲಿ ಎಂಟು ವರ್ಷ, ಆಮೇಲೆ ಆ ಮನೆಗೆ ಜೀವಮಾನವಿಡೀ ಮತ್ತೆ ಪ್ರವೇಶವಿಲ್ಲ. ಜೊತೆಗೆ ಶಾಸನಸಭೆಯ ಖರ್ಚಿಗೂ ದೊಡ್ಡ ಕತ್ತರಿ. ಸುಮಾರು 52% ಮತದಿಂದ ಗೆದ್ದಿತು.

ಬ್ರೌನ್ ಹೋದರು, ನಿಜ. 1994ರ ಚುನಾವಣೆಯಲ್ಲಿ ರಿಪಬ್ಲಿಕನ್ನರು 80ರಲ್ಲಿ 41 ಸೀಟು ಗೆದ್ದರೂ, ಒಬ್ಬ ರಿಪಬ್ಲಿಕನ್ ಸದಸ್ಯನನ್ನು ತಮ್ಮ ಕಡೆ ಸೆಳೆದು ಇನ್ನೂ ಕೆಲವು ತಿಂಗಳು ಕುರ್ಚಿಯಲ್ಲಿ ಉಳಿದು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಆದರು. (ರೆಸಾರ್ಟ್ ರಾಜಕಾರಣ ಕಂಡ ನಮಗೆ ಇದೇನು ಹೊಸದಲ್ಲ.) ಅವರ ನಂತರದ ಹತ್ತು ವರ್ಷದಲ್ಲಿ ಎಂಟು ಜನ ಸ್ಪೀಕರ್‌ಗಳು ಬಂದರು. ಅಸೆಂಬ್ಲಿ 1996ರಲ್ಲಿ ಮತ್ತೆ ಡೆಮಾಕ್ರಟರ ಕೈಗೆ ಹೋಯಿತು, ಇವತ್ತಿಗೂ ಅವರ ಕೈಯಲ್ಲೇ ಇದೆ. ಕಾನೂನು ತಂದ ಕನ್ಸರ್ವೇಟಿವ್‌ಗಳಿಗೆ ಸಿಕ್ಕಿದ್ದೇನು?

ಖರ್ಚು ಕಡಿತದ ಪೆಟ್ಟು ಬಿದ್ದದ್ದು ಎಲ್ಲಿಗೆ ಎಂಬುದನ್ನು ನೋಡಿ. 1941ರಿಂದ ಪಕ್ಷಾತೀತವಾಗಿ ಸರ್ಕಾರದ ಲೆಕ್ಕ ತೂಗಿ ಹೇಳುತ್ತಿದ್ದ ಶಾಸನಸಭಾ ವಿಶ್ಲೇಷಕರ ಕಚೇರಿಯ ಸಿಬ್ಬಂದಿ ಕರಗಿತು. ಆಡಿಟರ್ ಜನರಲ್ ಕಚೇರಿ 1992ರಲ್ಲಿ ಬಾಗಿಲು ಹಾಕಿ, ಮರುವರ್ಷ ಬೇರೆ ರೂಪದಲ್ಲಿ ಶುರುವಾಗಬೇಕಾಯಿತು. ಸರ್ಕಾರದ ಖರ್ಚನ್ನು ಪ್ರಶ್ನಿಸುವ ಕಚೇರಿಯನ್ನೇ ಖರ್ಚು ಉಳಿಸುವ ಹೆಸರಿನಲ್ಲಿ ಬಡವಾಗಿಸಿದ್ದು!

ಇನ್ನೊಂದು ಘಟನೆ. 1996ರಲ್ಲಿ ಕ್ಯಾಲಿಫೋರ್ನಿಯಾ ತನ್ನ ವಿದ್ಯುತ್ ಮಾರುಕಟ್ಟೆಯನ್ನು ಮುಕ್ತಗೊಳಿಸುವ ಕಾನೂನು ಮಾಡಿತು. ಎರಡೂ ಮನೆಯಲ್ಲಿ ಒಂದೂ ವಿರೋಧ ಮತವಿಲ್ಲದೆ ಪಾಸಾಯಿತು, ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್ ಸಹಿ ಹಾಕಿದರು. ಚಿಲ್ಲರೆ ದರಕ್ಕೆ ಮಿತಿ ಇಟ್ಟು ಸಗಟು ದರವನ್ನು ಬಿಟ್ಟುಬಿಟ್ಟ ಆ ವ್ಯವಸ್ಥೆ 2000-2001ರಲ್ಲಿ ಕುಸಿಯಿತು. ಸಿಲಿಕಾನ್ ವ್ಯಾಲಿ ಇರುವ ರಾಜ್ಯದಲ್ಲಿ ಸರದಿ ಪ್ರಕಾರ ಲೋಡ್ ಶೆಡ್ಡಿಂಗ್. ದೊಡ್ಡ ವಿದ್ಯುತ್ ಕಂಪನಿ ಪಿಜಿ ಅಂಡ್ ಇ 2001ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಹೊತ್ತಿಗೆ, ಕಾನೂನಿಗೆ ಮತ ಹಾಕಿದ್ದ ಕೆಳಮನೆಯ ಸದಸ್ಯರಲ್ಲಿ ಬಹುತೇಕ ಎಲ್ಲರೂ ಆರು ವರ್ಷ ತುಂಬಿ ಆ ಮನೆಯಿಂದ ಹೊರಗೆ ಹೋಗಿದ್ದರು. ಅದು ಕೆಟ್ಟ ಕಾನೂನಾಗಿದ್ದು ಅವಧಿ ಮಿತಿಯಿಂದ ಎಂದು ನಾನು ಹೇಳುತ್ತಿಲ್ಲ. ಆದರೆ ಕೈ ಹಿಡಿದು 'ಇದನ್ನು ಯಾಕೆ ಹೀಗೆ ಬರೆದಿರಿ' ಎಂದು ಕೇಳಲು ಆ ಮನೆಯಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. ಉತ್ತರ ಕೊಡುವವನು ಇರಬೇಕು ಎಂಬುದು ಕನ್ಸರ್ವೇಟಿವ್ ಚಿಂತನೆಯ ಮೊದಲ ಪಾಠ.

ಐಟಿಯಲ್ಲಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಕ್ಲೈಂಟ್ ಕಡೆಯ ಮ್ಯಾನೇಜರ್ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾನೆ. ಹದಿನೈದು ವರ್ಷದಿಂದ ಅದೇ ಸಿಸ್ಟಮ್ ನೋಡಿಕೊಳ್ಳುತ್ತಿರುವ ವೆಂಡರ್ ಮಾತ್ರ ಹಾಗೇ ಇರುತ್ತಾನೆ. ಮೀಟಿಂಗ್‌ನಲ್ಲಿ ತಲೆಯ ಕುರ್ಚಿ ಕ್ಲೈಂಟಿನದು, ನಿರ್ಧಾರ ವೆಂಡರಿನದು. ಹೊಸಬ ಕೆ.ಟಿ. ತೆಗೆದುಕೊಳ್ಳುವುದೂ ವೆಂಡರ್ ಹತ್ತಿರವೇ. ಹೊಸ ಶಾಸಕನಿಗೆ ಆ ವೆಂಡರ್ ಯಾರು? ಲಾಬಿ ಮಾಡುವವರು, ಇಲಾಖೆಯ ಅಧಿಕಾರಿಗಳು, ಗವರ್ನರ್ ಕಚೇರಿ. ಇವರ್ಯಾರಿಗೂ ಅವಧಿ ಮಿತಿ ಇಲ್ಲ. ಗವರ್ನರ್‌ಗೆ ಇದ್ದರೂ ಅವರ ಕಚೇರಿಗೆ ಇಲ್ಲ. ಬ್ರೂಸ್ ಕೇನ್ ಮತ್ತು ಥಾಡ್ ಕೌಸರ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿತಿ ಬಂದ ಮೇಲೆ ಕ್ಯಾಲಿಫೋರ್ನಿಯಾದ ಶಾಸನಸಭೆ ಗವರ್ನರ್‌ರ ಬಜೆಟ್ಟನ್ನು ತಿದ್ದುವುದು ಕಡಿಮೆಯಾಯಿತು ಎಂದು ಕಂಡುಕೊಂಡರು. ಹೊಸದಾಗಿ ಬಂದವರೂ ಹೊಲ-ಅಂಗಡಿಯಿಂದ ಬಂದವರಲ್ಲ; ಹೆಚ್ಚಿನವರು ನಗರಸಭೆ, ಕೌಂಟಿಯಲ್ಲಿ ಪಳಗಿದ ರಾಜಕಾರಣಿಗಳೇ, ಬಂದ ದಿನದಿಂದ ಮುಂದಿನ ಹುದ್ದೆಯ ಮೇಲೆ ಕಣ್ಣಿಟ್ಟವರು.

ರಾಜ್ಯಗಳು ತಾವೇ ಇದನ್ನು ತಿದ್ದಿಕೊಂಡವು. ಕ್ಯಾಲಿಫೋರ್ನಿಯಾ 2012ರಲ್ಲಿ ಒಟ್ಟು 12 ವರ್ಷ, ಯಾವ ಮನೆಯಲ್ಲಾದರೂ ಕಳೆಯಿರಿ ಎಂದಿತು. 1992ರಲ್ಲಿ ಬಿಗಿ ಮಿತಿ ತಂದಿದ್ದ ಮಿಶಿಗನ್ 2022ರಲ್ಲಿ ಅದೇ 12 ವರ್ಷಕ್ಕೆ ಬಂತು. ತಮಾಷೆಯೆಂದರೆ ಒಕ್ಲಹೋಮ 1990ರಲ್ಲೇ ಈ 12 ವರ್ಷದ ಸೂತ್ರವನ್ನು ಹಿಡಿದಿತ್ತು. ಇಡಾಹೊ ಎಂಬ ಅಪ್ಪಟ ರಿಪಬ್ಲಿಕನ್ ರಾಜ್ಯದ ಶಾಸನಸಭೆಯಂತೂ ಜನ ತಂದ ಮಿತಿಯನ್ನು 2002ರಲ್ಲಿ ಪೂರ್ತಿ ರದ್ದು ಮಾಡಿತು. ಆದರೂ ಜನರಿಗೆ ಈ ಆಸೆ ಹೋಗಿಲ್ಲ. 2022ರಲ್ಲಿ ಉತ್ತರ ಡಕೋಟ ಹೊಸದಾಗಿ ಸೇರಿತು.

ಮಿತಿ ಇದ್ದರೆ ಭ್ರಷ್ಟಾಚಾರ ನಿಲ್ಲುತ್ತದೆಯೇ? ಇಬ್ಬರು ಸ್ಪೀಕರ್‌ಗಳನ್ನು ಪಕ್ಕಪಕ್ಕ ಇಡುತ್ತೇನೆ. ಇಲಿನಾಯ್‌ನಲ್ಲಿ ಮಿತಿ ಇಲ್ಲ. ಅಲ್ಲಿ ಡೆಮಾಕ್ರಟರ ಮೈಕಲ್ ಮ್ಯಾಡಿಗನ್ 1983ರಿಂದ 2021ರವರೆಗೆ, ನಡುವೆ ಎರಡು ವರ್ಷ ಬಿಟ್ಟು, ಸ್ಪೀಕರ್ ಆಗಿದ್ದರು. 2025ರಲ್ಲಿ ಲಂಚದ ಆರೋಪಗಳು ಸಾಬೀತಾಗಿ ಏಳೂವರೆ ವರ್ಷ ಶಿಕ್ಷೆಯಾಯಿತು. ಒಹಾಯೊದಲ್ಲಿ ಸತತ ಎಂಟು ವರ್ಷದ ಮಿತಿ ಇದೆ. ರಿಪಬ್ಲಿಕನ್ ಲ್ಯಾರಿ ಹೌಸ್‌ಹೋಲ್ಡರ್ ಒಮ್ಮೆ ಸ್ಪೀಕರ್ ಆಗಿ, ಮಿತಿ ಮುಗಿದು 2004ರಲ್ಲಿ ಹೊರಬಿದ್ದು, ಮತ್ತೆ ಆರಿಸಿ ಬಂದು 2019ರಲ್ಲಿ ಎರಡನೇ ಸಲ ಸ್ಪೀಕರ್ ಆದರು. ಎರಡು ಅಣುಸ್ಥಾವರಗಳನ್ನು ಉಳಿಸುವ ಕಾನೂನಿಗಾಗಿ ವಿದ್ಯುತ್ ಕಂಪನಿಯಿಂದ ಸುಮಾರು 6 ಕೋಟಿ ಡಾಲರ್ ಹರಿದ ಪ್ರಕರಣದಲ್ಲಿ 2023ರಲ್ಲಿ 20 ವರ್ಷ ಶಿಕ್ಷೆ. ಅವರ ಆಟ ನಡೆದದ್ದು ಹೇಗೆಂದರೆ, ಖಾಲಿಯಾಗುವ ಸೀಟುಗಳಿಗೆ ತಮ್ಮವರನ್ನು ಆರಿಸಿ, ಆ ಕಂಪನಿಯ ಹಣದಲ್ಲೇ ಗೆಲ್ಲಿಸಿ, ಅವರ ಮತದಿಂದ ಸ್ಪೀಕರ್ ಆದರು. ಸೀಟು ಖಾಲಿಯಾದಷ್ಟೂ ತುಂಬುವವನಿಗೆ ಅನುಕೂಲ.

ಮ್ಯಾಡಿಗನ್ ಹೋದ ಮೇಲೆ ಇಲಿನಾಯ್ ಕೆಳಮನೆ 2021ರಲ್ಲಿ ಒಂದು ಸಣ್ಣ ನಿಯಮ ಮಾಡಿಕೊಂಡಿತು: ಸ್ಪೀಕರ್ ಮತ್ತು ಪ್ರತಿಪಕ್ಷ ನಾಯಕರ ಕುರ್ಚಿಗೆ 10 ವರ್ಷದ ಮಿತಿ. ಅಲ್ಲಿಯ ಮೇಲ್ಮನೆ 2017ರಲ್ಲೇ ಇದನ್ನು ಮಾಡಿತ್ತು. ಸದಸ್ಯನನ್ನು ಮತದಾರರಿಗೆ ಬಿಟ್ಟು, ಸದಸ್ಯರ ಮೇಲೆ ಸವಾರಿ ಮಾಡುವ ಕುರ್ಚಿಗೆ ಮಾತ್ರ ಗಡಿಯಾರ ಕಟ್ಟುವುದು. ನನ್ನ ಮಟ್ಟಿಗೆ ಕನ್ಸರ್ವೇಟಿವ್ ಉತ್ತರ ಇದು. ವಿಲ್ಲಿ ಬ್ರೌನ್ ಸಮಸ್ಯೆ ಕೂಡ ಅವರು ಮೂವತ್ತು ವರ್ಷ ಶಾಸಕರಾಗಿದ್ದದ್ದಲ್ಲ, ಹದಿನಾಲ್ಕು ವರ್ಷ ಸ್ಪೀಕರ್ ಆಗಿದ್ದದ್ದು.

ಹೀಗೆ ಯೋಚಿಸಿದ ರಿಪಬ್ಲಿಕನ್ನರು ಆಗಲೇ ಇದ್ದರು. 1995ರ ಮಾರ್ಚ್‌ನಲ್ಲಿ ಸಂಸತ್ ಸದಸ್ಯರಿಗೂ ಮಿತಿ ಹಾಕುವ ಸಂವಿಧಾನ ತಿದ್ದುಪಡಿ ಕೆಳಮನೆಗೆ ಬಂದಾಗ, ಅದರ ವಿರುದ್ಧ ಗಟ್ಟಿಯಾಗಿ ಮಾತಾಡಿದವರಲ್ಲಿ ಆ ಪಕ್ಷದ್ದೇ ಹೆನ್ರಿ ಹೈಡ್ ಒಬ್ಬರು. ಗರ್ಭಪಾತದ ವಿಷಯದಲ್ಲಿ ಅವರಷ್ಟು ಕನ್ಸರ್ವೇಟಿವ್ ಯಾರೂ ಇರಲಿಲ್ಲ. ಮತ 227-204, ಬೇಕಾದ ಮೂರನೇ ಎರಡಕ್ಕೆ ಬಹಳ ಕಡಿಮೆ. ಎರಡು ತಿಂಗಳಲ್ಲಿ ಸುಪ್ರೀಂ ಕೋರ್ಟ್, 5-4ರಲ್ಲಿ, ರಾಜ್ಯಗಳು ಸಂಸತ್ ಸದಸ್ಯರಿಗೆ ಮಿತಿ ಹಾಕುವಂತಿಲ್ಲ ಎಂದಿತು. ಹಾಗಾಗಿ ಈ ಪ್ರಯೋಗ ರಾಜ್ಯಗಳಲ್ಲೇ ಉಳಿಯಿತು.

ಇನ್ನು ನಮ್ಮ ಕಡೆಗೆ. ಮುಂಬೈ, ಪುಣೆಯಲ್ಲಿರುವವರು ಒಂದು ಬಗೆಯ ಅವಧಿ ಮಿತಿಯನ್ನು ಕಂಡೇ ಇದ್ದಾರೆ. ಪಾಲಿಕೆ ವಾರ್ಡುಗಳ ಮೀಸಲಾತಿಯನ್ನು ಲಾಟರಿ ಎತ್ತಿ ನಿರ್ಧರಿಸುವುದರಿಂದ, ಐದು ವರ್ಷ ಕೆಲಸ ಮಾಡಿದ ನಗರಸೇವಕನಿಗೆ ಮುಂದಿನ ಸಲ ಆ ವಾರ್ಡೇ ಇರುವುದಿಲ್ಲ. ಮಹಿಳೆಯರಿಗೆ ಜಾಗ ಸಿಕ್ಕಿದ್ದು ಅದರ ದೊಡ್ಡ ಲಾಭ. ಆದರೆ ಬ್ಯಾನರಿನಲ್ಲಿ ಹೆಂಡತಿಯ ಫೋಟೋ, ಫೋನ್ ಎತ್ತುವವರು ಗಂಡ ಎಂಬ ವಾರ್ಡುಗಳನ್ನೂ ನಾವು ನೋಡಿದ್ದೇವೆ. ಶಾಸಕರಿಗೆ ಎರಡೇ ಅವಧಿ ಎಂದರೆ ಮೂರನೆಯದಕ್ಕೆ ಯಾರು ನಿಲ್ಲುತ್ತಾರೆ ಎಂದು ಊಹಿಸಲು ಜ್ಯೋತಿಷ್ಯ ಬೇಡ. ಮಗ, ಸೊಸೆ, ತಮ್ಮ.

ಅಮೆರಿಕಕ್ಕೂ ನಮಗೂ ಇರುವ ವ್ಯತ್ಯಾಸವನ್ನೂ ಮರೆಯಬಾರದು. ಅಲ್ಲಿ ಕುಳಿತವನನ್ನು ಸೋಲಿಸುವುದು ಬಹಳ ಕಷ್ಟ, ಆ ಸಿಟ್ಟಿನಿಂದಲೇ ಮಿತಿಯ ಕೂಗು ಹುಟ್ಟಿತು. ಕರ್ನಾಟಕದಲ್ಲಿ 1985ರ ನಂತರ ಆಡಳಿತ ಪಕ್ಷವೊಂದು ಚುನಾವಣೆ ಗೆದ್ದು ಅಧಿಕಾರಕ್ಕೆ ಮರಳಿದ್ದೇ ಇಲ್ಲ. ಮತದಾರ ತನ್ನ ಮಿತಿಯನ್ನು ತಾನೇ ಹಾಕುತ್ತಿದ್ದಾನೆ. ಜೊತೆಗೆ 1985ರಲ್ಲೇ ಬಂದ ಪಕ್ಷಾಂತರ ನಿಷೇಧ ಕಾನೂನು ಇದೆ. ವಿಪ್ ಬಂದ ದಿನ ಮೊದಲ ಸಲದ ಶಾಸಕನೂ ಒಂಬತ್ತನೇ ಸಲದ ಶಾಸಕನೂ ಒಂದೇ ಕಡೆ ಕೈ ಎತ್ತಬೇಕು. ಅಧಿಕಾರ ಗುಡ್ಡೆಯಾಗಿರುವುದು ಶಾಸಕನ ಹತ್ತಿರ ಅಲ್ಲ, ಟಿಕೆಟ್ ಕೊಡುವವನ ಹತ್ತಿರ.

ಆದ್ದರಿಂದ ನಮ್ಮಲ್ಲಿ ಗಡಿಯಾರ ಕಟ್ಟುವುದಾದರೆ ಅಲ್ಲಿಂದ ಶುರುವಾಗಲಿ: ಪಕ್ಷದ ಅಧ್ಯಕ್ಷರು, ಸಹಕಾರಿ ಒಕ್ಕೂಟಗಳ ಅಧ್ಯಕ್ಷರು, ಒಂದೇ ಖಾತೆಗೆ ಅಂಟಿ ಕುಳಿತ ಮಂತ್ರಿಗಳು. ಇದು ಅಸಾಧ್ಯವೇನಲ್ಲ. ಸಹಕಾರಿ ಬ್ಯಾಂಕುಗಳ ನಿರ್ದೇಶಕರಿಗೆ 2020ರ ತಿದ್ದುಪಡಿ ಸತತ ಎಂಟು ವರ್ಷದ ಮಿತಿ ಹಾಕಿತು. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿ ಎಂದರೆ ರಾಜಕಾರಣದ ಅಡುಗೆಮನೆ ಎಂದು ಗೊತ್ತಿರುವವರಿಗೆ ಇದರ ತೂಕ ತಿಳಿಯುತ್ತದೆ. 2025ರಲ್ಲಿ ಸಂಸತ್ತು ಆ ಎಂಟನ್ನು ಹತ್ತು ಮಾಡಿತು. ಮುಂದಿನ ತಿದ್ದುಪಡಿಯಲ್ಲಿ ಅದು ಹನ್ನೆರಡಾಗುತ್ತದೋ, ಹತ್ತರಲ್ಲೇ ನಿಲ್ಲುತ್ತದೋ ಎಂದು ನಾನಂತೂ ಕಾದು ನೋಡುತ್ತಿದ್ದೇನೆ.