ಮಿದುಳಿನ ಅಲೆ ಬರೆಸಿಕೊಂಡ ಪ್ರೊಫೆಸರ್

ಖಗೋಳ ವಿಜ್ಞಾನಿಯಾಗಬೇಕೆಂದು ಜರ್ಮನಿಯ ಯೇನಾ ವಿಶ್ವವಿದ್ಯಾಲಯ ಸೇರಿದ್ದ ಹಾನ್ಸ್ ಬರ್ಗರ್ ಮನೋವೈದ್ಯನಾದದ್ದಕ್ಕೆ ಕಾರಣ ಒಂದು ಕುದುರೆ. ಓದಿನ ನಡುವೆ ಒಂದು ವರ್ಷದ ಸೈನಿಕ ಸೇವೆಗೆ ಹೋಗಿದ್ದಾಗ ಕವಾಯತಿನಲ್ಲಿ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಅದೇ ಸಂಜೆ ತಂದೆಯಿಂದ ತಂತಿ ಬಂತು, ಕ್ಷೇಮವೇ ಎಂದು. ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಎನಿಸಿ, ಹಟ ಹಿಡಿದು ಕೊಡಿಸಿದ ತಂತಿ ಅದು.

ಕಾಕತಾಳೀಯ ಎಂದು ನಾವು ನೀವು ಮರೆಯುತ್ತಿದ್ದೆವೇನೋ. ಬರ್ಗರ್ ಮರೆಯಲಿಲ್ಲ. ಮನಸ್ಸಿನ ಶಕ್ತಿಗೆ ದೇಹದಲ್ಲಿ ಅಳೆಯಬಹುದಾದ ಒಂದು ರೂಪ ಇರಲೇಬೇಕು ಎಂದುಕೊಂಡು ವೈದ್ಯಕೀಯಕ್ಕೆ ಬಂದ. 1897ರಲ್ಲಿ ಯೇನಾದ ಮನೋರೋಗ ಚಿಕಿತ್ಸಾಲಯ ಸೇರಿದವನು ನಿವೃತ್ತಿಯವರೆಗೂ ಅಲ್ಲೇ ಇದ್ದ. 1919ರಲ್ಲಿ ಅದರ ಮುಖ್ಯಸ್ಥನೂ ಪ್ರೊಫೆಸರೂ ಆದ. ಹಗಲೆಲ್ಲ ಗಡಿಯಾರದ ಮುಳ್ಳಿಗೆ ತಪ್ಪದ ಶಿಸ್ತಿನ ವೈದ್ಯ; ಆಸ್ಪತ್ರೆಯ ಕೆಲಸ ಮುಗಿದ ಮೇಲೆ, ಸಹೋದ್ಯೋಗಿಗಳಿಗೂ ಸರಿಯಾಗಿ ತಿಳಿಸದೆ, ತನ್ನದೇ ಪ್ರಯೋಗ.

ಮೊದಲು ಮಿದುಳಿನ ರಕ್ತಸಂಚಾರ ಅಳೆದ, ಆಮೇಲೆ ಅದರ ಉಷ್ಣಾಂಶ. ಎರಡರಲ್ಲೂ ಬೇಕಾದ್ದು ಸಿಗಲಿಲ್ಲ. ಉಳಿದದ್ದು ವಿದ್ಯುತ್ತು. ಪ್ರಾಣಿಗಳ ಮಿದುಳಿನಲ್ಲಿ ಅದು ಹರಿಯುವುದನ್ನು ಲಿವರ್‌ಪೂಲಿನ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದ. 1924ರ ಜುಲೈನಲ್ಲಿ, ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯ ಒಂದು ಭಾಗ ತೆರೆದಿದ್ದ ಹದಿನೇಳರ ಹುಡುಗನ ಮೇಲೆ ಬರ್ಗರ್‌ಗೆ ಮನುಷ್ಯನ ಮಿದುಳಿನ ಮಿಡಿತ ಸಿಕ್ಕಿತು. ಪ್ರಮಾಣವೋ, ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಭಾಗ. ಹೃದಯದ್ದೋ, ಚರ್ಮದ್ದೋ, ಯಂತ್ರದ್ದೇ ದೋಷವೋ ಎಂದು ಶಂಕಿಸುತ್ತಾ ಮತ್ತೆ ಐದು ವರ್ಷ ಪರೀಕ್ಷಿಸಿದ. ಮಗ ಕ್ಲಾಸ್‌ನ ತಲೆಗೂ ತಂತಿ ಹಚ್ಚಿದ. 1929ರಲ್ಲಷ್ಟೇ ಪ್ರಕಟಿಸಿದ. ಕಣ್ಣು ಮುಚ್ಚಿ ಸುಮ್ಮನೆ ಕೂತಾಗ ಸೆಕೆಂಡಿಗೆ ಸುಮಾರು ಹತ್ತರಂತೆ ಏಳುವ ಅಲೆಗಳು, ಕಣ್ಣು ತೆರೆದೊಡನೆ ಅಡಗುತ್ತವೆ. ಅವಕ್ಕೆ ಆಲ್ಫಾ ಎಂದು ಹೆಸರಿಟ್ಟವನು ಬರ್ಗರನೇ.

ಯಾರೂ ಅಷ್ಟಾಗಿ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು. ಮರುವರ್ಷ ಅಮೆರಿಕದ ವೈದ್ಯರು ಮಕ್ಕಳು ಕ್ಷಣಕಾಲ ಮಂಕಾಗುವ ಬಗೆಯ ಮೂರ್ಛೆರೋಗದಲ್ಲಿ ಸೆಕೆಂಡಿಗೆ ಮೂರರಂತೆ ಬರುವ ಮೊನಚು ಅಲೆಗಳನ್ನು ಗುರುತಿಸಿದರು. ದೆವ್ವ, ಶಾಪ ಎನ್ನುತ್ತಿದ್ದ ಕಾಯಿಲೆಗೆ ಕಾಗದದ ಮೇಲೆ ಪುರಾವೆ ಸಿಕ್ಕಿತು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಾಜಿ ಆಡಳಿತ 1933ರಲ್ಲಿ ತಂದ ಕಾನೂನು 'ಆನುವಂಶಿಕ' ರೋಗಿಗಳಿಗೆ ಬಲವಂತದ ಸಂತಾನಹರಣ ವಿಧಿಸಿತು. ಆ ಪಟ್ಟಿಯಲ್ಲಿ ಮೂರ್ಛೆರೋಗವೂ ಇತ್ತು. ಅಂಥ ಪ್ರಕರಣಗಳ ಮೇಲ್ಮನವಿ ಆಲಿಸುವ ಯೇನಾದ ನ್ಯಾಯಾಲಯದಲ್ಲಿ ಬರ್ಗರ್ ಕುಳಿತಿದ್ದ. ನಾಜಿಗಳೇ ಆತನನ್ನು ಕಿತ್ತುಹಾಕಿದರು ಎಂಬ ಕಥೆ ಬಹುಕಾಲ ಪುಸ್ತಕಗಳಲ್ಲಿ ಓಡಾಡಿತು. ದಾಖಲೆಗಳು ಬೇರೆಯದನ್ನೇ ಹೇಳಿವೆ. 1938ರಲ್ಲಿ ನಿವೃತ್ತನಾಗಿ, ಖಿನ್ನತೆಗೆ ಬಿದ್ದು, 1941ರ ಜೂನ್ 1ರಂದು ತಾನೇ ಪ್ರಾಣ ಕಳೆದುಕೊಂಡ. ಬರ್ಗರನ ಯಂತ್ರಕ್ಕೆ ಕೊಡುವ ಗೌರವವನ್ನು ಆ ನ್ಯಾಯಪೀಠದಲ್ಲಿ ಕೂತವನಿಗೂ ಕೊಡಬೇಕಾಗಿಲ್ಲ.

ಅಕ್ಕನ ತಂತಿಯ ಗುಟ್ಟು ಆತನಿಗೆ ಕೊನೆಗೂ ಸಿಗಲಿಲ್ಲ. ಸಿಕ್ಕ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ವಿಧಾನ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಿನನಿತ್ಯದ ಪರೀಕ್ಷೆ. ತಲೆಗೆ ಕರೆಂಟ್ ಕೊಡುತ್ತಾರೆಂದು ಹೆದರುವವರು ಇನ್ನೂ ಇದ್ದಾರೆ. ಅದು ಕರೆಂಟ್ ಕೊಡುವುದಿಲ್ಲ, ಮನಸ್ಸಿನೊಳಗಿನ ಮಾತನ್ನು ಓದುವುದೂ ಇಲ್ಲ. ವರದಿ ನಾರ್ಮಲ್ ಬಂದರೂ ಮೂರ್ಛೆರೋಗ ಇಲ್ಲವೆಂದಲ್ಲ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ, ಅವರನ್ನು ಮಗ್ಗುಲಾಗಿಸಿ ಜೋಪಾನ ಮಾಡಿದ ಮೇಲೆ, ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದುಕೊಳ್ಳಿ. ಇಇಜಿ ವರದಿಯ ಜತೆಗೆ ಅದನ್ನೂ ಡಾಕ್ಟರಿಗೆ ತೋರಿಸಿ.