ಉಸಿರು ಕಟ್ಟಿ ಆಳಕ್ಕಿಳಿದರೆ ಎದೆಯೊಳಗೆ ಏನಾಗುತ್ತದೆ?

1913ರಲ್ಲಿ ಇಟಲಿಯ ಯುದ್ಧನೌಕೆ ‘ರೆಜಿನಾ ಮಾರ್ಗೆರಿಟಾ’ದ ಲಂಗರು ಏಜಿಯನ್ ಸಮುದ್ರದ ಕಾರ್ಪಥೋಸ್ ದ್ವೀಪದ ಬಳಿ ತಳ ಸೇರಿತು. ಹುಡುಕಿಕೊಡುತ್ತೇನೆಂದು ಬಂದವನು ಹಾಜಿ ಸ್ಟಾಟಿ, ಸ್ಪಂಜು ಹೆಕ್ಕುವ ಗ್ರೀಕ್ ಮುಳುಗುಗಾರ. ನೌಕಾಪಡೆಯ ವೈದ್ಯರು ಪರೀಕ್ಷಿಸಿದರೆ ಅವನ ಶ್ವಾಸಕೋಶವೇ ಸರಿಯಿರಲಿಲ್ಲ. ನೆಲದ ಮೇಲೆ ಒಂದು ನಿಮಿಷವೂ ಉಸಿರು ಹಿಡಿಯಲಾರ. ಅಂಥವನು ಕಲ್ಲಿನ ಭಾರದಿಂದ 70 ಮೀಟರಿಗೂ ಆಳಕ್ಕಿಳಿದು ಲಂಗರನ್ನು ಪತ್ತೆ ಮಾಡಿದ!

ಲೆಕ್ಕದ ಪ್ರಕಾರ ಅವನು ಬದುಕಬಾರದಿತ್ತು. ಹತ್ತು ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟಾಗಿ, ಎದೆಯಲ್ಲಿನ ಆರು ಲೀಟರ್ ಗಾಳಿ ಮೂರಕ್ಕಿಳಿಯುತ್ತದೆ. 30 ಮೀಟರಿನಲ್ಲಿ ಉಳಿಯುವುದು ಒಂದೂವರೆ ಲೀಟರ್. ಉಸಿರನ್ನೆಲ್ಲ ಹೊರಬಿಟ್ಟ ಮೇಲೂ ಒಳಗುಳಿಯುವ ಗಾಳಿ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಕೆಳಗೆ ಪಕ್ಕೆಲುಬಿನ ಗೂಡು ಕುಗ್ಗಲಾರದು, ಮುರಿಯುತ್ತದೆ ಎಂದೇ ತಜ್ಞರು ಬಹುಕಾಲ ನಂಬಿದ್ದರು.

ಉತ್ತರ ಸಿಕ್ಕಿದ್ದು 1968ರಲ್ಲಿ. ಅಮೆರಿಕದ ನೌಕಾಪಡೆಯ ಮುಳುಗುಗಾರ ರಾಬರ್ಟ್ ಕ್ರಾಫ್ಟ್ ನೀರಿನಡಿಯಲ್ಲಿದ್ದಾಗಲೇ ಅಳೆದು ನೋಡಿದರೆ, ಸುಮಾರು ಒಂದು ಲೀಟರ್ ರಕ್ತ ಅವರ ಎದೆಯತ್ತ ಸರಿದಿತ್ತು. ಗಾಳಿ ಕುಗ್ಗಿದ ಜಾಗವನ್ನು ರಕ್ತ ತುಂಬುತ್ತದೆ. ದ್ರವ ಕುಗ್ಗುವುದಿಲ್ಲ, ಪಕ್ಕೆಲುಬು ಉಳಿಯುತ್ತದೆ.

ಕಾಯುವ ಈ ರಕ್ತವೇ ಕಾಡುವುದೂ ಹೌದು. ಶ್ವಾಸಕೋಶದ ಲೋಮನಾಳಗಳ ಗೋಡೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ರಕ್ತ ತುಂಬಿ ಅವು ಉಬ್ಬಿದಾಗ ದ್ರವ, ಕೆಲವೊಮ್ಮೆ ರಕ್ತವೇ, ಗಾಳಿಚೀಲಗಳೊಳಗೆ ಜಿನುಗುತ್ತದೆ. ಹೀಗೆ ಉಸಿರು ಕಟ್ಟಿ ಮುಳುಗುವ ಫ್ರೀ ಡೈವಿಂಗ್ ಮಂದಿ ಇದನ್ನು ‘ಸ್ಕ್ವೀಜ್’ ಎಂದು ಹಗುರವಾಗಿ ಕರೆದು ಮರುದಿನವೇ ನೀರಿಗಿಳಿಯುವುದುಂಟು. 2013ರ ನವೆಂಬರಿನಲ್ಲಿ ಬಹಾಮಾಸ್‌ನ ಸ್ಪರ್ಧೆಯೊಂದರಲ್ಲಿ 72 ಮೀಟರ್ ಆಳಕ್ಕಿಳಿದು ಬಂದ ನಿಕೊಲಸ್ ಮೆವೊಲಿ ಮೇಲೆ ಬಂದ ಕೆಲಹೊತ್ತಿನಲ್ಲೇ ಪ್ರಜ್ಞೆ ತಪ್ಪಿ ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮುಂಚೆ ಅವರ ಬಾಯಿಂದ ರಕ್ತ ಬಂದಿತ್ತು. ಈ ಕ್ರೀಡೆಯ ನಿಜವಾದ ಅಪಾಯ ಆಳವಲ್ಲ, ಆತುರ ಎಂದು ನನಗನ್ನಿಸುವುದು ಇದಕ್ಕೇ.

ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡುವವರಿಗೆ ಮಾತ್ರ ಉಸಿರು ಕಟ್ಟುವ ಈ ನಿಯಮ ತಿರುಗುಮುರುಗು. ಅಲ್ಲಿ ಸಿಲಿಂಡರಿನ ಗಾಳಿಯನ್ನು ಆಳದಲ್ಲೇ ಎಳೆದುಕೊಂಡಿರುತ್ತೀರಿ. ಉಸಿರು ಕಟ್ಟಿ ಮೇಲೇರಿದರೆ ಅದು ಹಿಗ್ಗಿ ಶ್ವಾಸಕೋಶ ಹರಿಯಬಹುದು. ಮೇಲಿನ ಗಾಳಿಯನ್ನೇ ತುಂಬಿಕೊಂಡು ಮುಳುಗಿದವರಿಗೆ ಆ ಭಯವಿಲ್ಲ. ಎರಡರಲ್ಲಿ ಯಾವುದೇ ಇರಲಿ, ಮೇಲೆ ಬಂದಾಗ ಎದೆ ಬಿಗಿದರೆ, ಕೆಮ್ಮಿದಾಗ ಕಫದಲ್ಲಿ ರಕ್ತ ಕಂಡರೆ, ವೈದ್ಯರನ್ನು ಕಾಣದೆ ಮತ್ತೆ ನೀರಿಗಿಳಿಯಬೇಡಿ.